ಉಗ್ರಾಣದ ಪರೀಕ್ಷೆ: ಗ್ರಿಡ್ ಸರ್ವರುಗಳನ್ನು ಕುರಿತು ಒಂದು ವಿಮರ್ಶೆ

ಉಗ್ರಾಣವು ದೊಡ್ಡದೆಂಬುದು ಒಂದು ಮಾತು; ಅದು ನಂಬತಕ್ಕದ್ದೆಂಬುದು ಬೇರೊಂದು ಮಾತು. ಇವೆರಡನ್ನೂ ಒಂದೆಂದು ಎಣಿಸುವುದು ಪ್ರಮಾದವೆಂಬುದನ್ನು ಇಲ್ಲಿ ತೋರಿಸಲೆತ್ನಿಸುತ್ತೇವೆ.

ದೂರದೂರದ ಸಂಸ್ಥೆಗಳ ಗಣಕಯಂತ್ರಗಳನ್ನು ಜಾಲದಿಂದ ಕೂಡಿಸಿ ಒಂದೇ ಯಂತ್ರವೆಂಬಂತೆ ದುಡಿಸುವ ವ್ಯವಸ್ಥೆಗೆ ಗ್ರಿಡ್ ಎಂದು ಹೆಸರು. ಸಿ-ಡ್ಯಾಕ್ ಸಂಸ್ಥೆಯು ಕೈಗೊಂಡ ‘ಗರುಡ’ ಯೋಜನೆಯು ತನ್ನ ಮೊದಲ ಘಟ್ಟದಲ್ಲಿ ಬೆಂಗಳೂರೂ ಸೇರಿದಂತೆ 17 ನಗರಗಳ 45 ಸಂಸ್ಥೆಗಳನ್ನು ಹೀಗೆ ಜೋಡಿಸಿತು. ಇಂತಹ ವ್ಯವಸ್ಥೆಯಲ್ಲಿ ದತ್ತಾಂಶವನ್ನು ಕಾಯುವ ಸರ್ವರುಗಳ ಮೇಲೆಯೇ ಎಲ್ಲರ ಭಾರವೂ ಬಂದು ಬೀಳುತ್ತದೆ. ಒಬ್ಬನೇ ಒಂದು ದೊಡ್ಡ ಕಡತವನ್ನು ಓದುವಾಗ ಡಿಸ್ಕು ಸರಾಗವಾಗಿ ನಡೆಯುತ್ತದೆ. ನೂರಾರು ಕೆಲಸಗಳು ಒಮ್ಮೆಗೇ ಬೇರೆ ಬೇರೆ ಕಡತಗಳನ್ನು ಬೇಡಿದರೆ, ಅತ್ತಿತ್ತ ಅಲೆಯುವುದರಲ್ಲಿಯೇ ಅದರ ಕಾಲವು ಕಳೆದುಹೋಗುತ್ತದೆ. ಟೇಪಿನ ಪಾಡು ಇದಕ್ಕಿಂತಲೂ ಕಷ್ಟ. ಆದುದರಿಂದ ಒಬ್ಬ ಓದುಗನನ್ನಿಟ್ಟುಕೊಂಡು ಮಾಡಿದ ಪರೀಕ್ಷೆಯು ಪರೀಕ್ಷೆಯೇ ಅಲ್ಲ.

ಈ ತತ್ತ್ವವನ್ನು ಮನ್ನಿಸಿದ ಪ್ರಯೋಗಗಳಲ್ಲಿ, ಸೆರ್ನ್ ಸಂಸ್ಥೆಯ ವಿಶ್ವವ್ಯಾಪಿ ಗ್ರಿಡ್ಡಿನಲ್ಲಿ 2009ರ ಜೂನ್ ತಿಂಗಳಲ್ಲಿ ನಡೆದ ‘ಸ್ಟೆಪ್-09’ ಗಮನಾರ್ಹವಾದುದು. 2008ರ ಸೆಪ್ಟೆಂಬರಿನಲ್ಲಿ ಅಪಘಾತದಿಂದ ನಿಂತಿದ್ದ ಮಹಾ ಘರ್ಷಕಯಂತ್ರವು 2009ರ ನವೆಂಬರಿನಲ್ಲಿ ಮತ್ತೆ ಚಾಲನೆಗೊಂಡಿತು. ಅದಕ್ಕೆ ಮೊದಲೇ, ನಾಲ್ಕು ಪ್ರಯೋಗತಂಡಗಳ ಬೇಡಿಕೆಗಳನ್ನು ಏಕಕಾಲದಲ್ಲಿ ವ್ಯವಸ್ಥೆಯ ಮೇಲೆ ಹೊರಿಸಲಾಯಿತು. ಟೇಪಿನಿಂದ ಮರಳಿ ತರುವುದು, ದೂರಕ್ಕೆ ಸಾಗಿಸುವುದು, ವಿಶ್ಲೇಷಿಸುವುದು ಎಲ್ಲವೂ ಒಟ್ಟಿಗೆ ನಡೆದವು. ಬೇರೆ ಬೇರೆಯಾಗಿ ಮಾಡಿದ ಪರೀಕ್ಷೆಗಳಲ್ಲಿ ಅಡಗಿರುವ ದೌರ್ಬಲ್ಯವನ್ನು ಹೊರಗೆಡಹಲು ಇದೇ ಸರಿಯಾದ ಮಾರ್ಗವೆಂದು ನಾವು ಭಾವಿಸುತ್ತೇವೆ.

ಆದರೆ ವೇಗವನ್ನಷ್ಟೇ ಅಳೆದರೆ ಸಾಲದು. ಸೆರ್ನ್‌ನವರೇ 2007ರಲ್ಲಿ ತಮ್ಮ ಸರ್ವರುಗಳನ್ನು ಶೋಧಿಸಿದಾಗ, ಯಾವ ಎಚ್ಚರಿಕೆಯನ್ನೂ ಕೊಡದೆ ದತ್ತಾಂಶವು ಕೆಟ್ಟಿದ್ದ ನಿದರ್ಶನಗಳು ಕಂಡುಬಂದವು. ಬೇಗನೆ ಬಂದ ಕಡತವು ಸರಿಯಾದ ಕಡತವೇ ಆಗಿರಬೇಕೆಂಬ ನಿಯಮವಿಲ್ಲ. ಇಟ್ಟಾಗಿನ ಚೆಕ್‌ಸಮ್ ಅಂಕವನ್ನು ತೆಗೆದಾಗಿನ ಅಂಕದೊಡನೆ ತಾಳೆ ನೋಡುವುದು ಒತ್ತಡದ ನಡುವೆಯೂ ನಡೆಯತಕ್ಕದ್ದು.

ಚರಿತ್ರೆಯ ವಿದ್ಯಾರ್ಥಿಗೆ ಇದು ಹೊಸ ಪಾಠವಲ್ಲ. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲ ಸಂಪುಟವು 1886ರಲ್ಲಿ ಪ್ರಕಟವಾಯಿತು, ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಮುದ್ರಿತ ಪಾಠದಲ್ಲಿ ಸಂಶಯ ಬಂದರೆ, ಕಲ್ಲು ಉಳಿದಿರುವೆಡೆ ಕಲ್ಲನ್ನೇ ಕೇಳಬಹುದು. ಘರ್ಷಣೆಯ ದತ್ತಾಂಶಕ್ಕೆ ಮರಳಿ ನೋಡತಕ್ಕ ಕಲ್ಲಿಲ್ಲ. ಶಿಥಿಲವಾಗುತ್ತಿರುವ ಓಲೆಗರಿಯ ಛಾಯಾಪ್ರತಿಗೂ ನಾಳೆ ಅದೇ ಗತಿ. ನಮ್ಮ ಓಲೆಗರಿಗಳನ್ನು ಸರ್ವರುಗಳ ವಶಕ್ಕೆ ಒಪ್ಪಿಸುವವರು ‘ಎಷ್ಟು ಹಿಡಿಸುತ್ತದೆ’ ಎಂದು ಕೇಳಿ ಸುಮ್ಮನಾಗಬಾರದು. ‘ಹಲವರು ಒಮ್ಮೆಗೇ ಬೇಡಿದಾಗ, ಇಟ್ಟದ್ದನ್ನೇ ಕೊಡುತ್ತದೆಯೆ’ ಎಂದೂ ಕೇಳಬೇಕು.