ಗೇಟಿನ ಮ್ಯಾಲ ಒಂದು ನಕ್ಷೆ ಅಂಟಿಸ್ರಿ

ಉದ್ಯಾನ ಅಭಿವೃದ್ಧಿ ಅಂದ್ರೆ ಏನೇನು ಬರ್ತದೆ ಅಂತ ಈಗ ಕಣ್ಣು ಮುಚ್ಚಿ ಹೇಳಬಹುದು. ಸುತ್ತ ಗ್ರಿಲ್ಲು, ಒಳಗೆ ಪೇವರ್ ಬ್ಲಾಕಿನ ದಾರಿ, ಓಪನ್ ಜಿಮ್ಮಿನ ನಾಲ್ಕು ಯಂತ್ರ, ಸಿಮೆಂಟಿನ ಜಿಂಕೆ, ಗೇಟಿನ ಪಕ್ಕ ಹೆಸರು ಕೆತ್ತಿದ ಕಪ್ಪು ಕಲ್ಲು. ಊರು ಬದಲಾದರೂ ಎಸ್ಟಿಮೇಟ್ ಬದಲಾಗೋದಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಭಾಗದ ಒಂದು ಊರಿನಲ್ಲಿ ಇಂಥದ್ದೇ ಒಂದು ಉದ್ಯಾನದ ಮುಂದೆ ನಿಂತಿದ್ದೆ. ಮಧ್ಯಾಹ್ನ ಒಂದು ಗಂಟೆ. ಗೇಟಿಗೆ ಬೀಗ. ಹಳ್ಳಿಯಿಂದ ಆಸ್ಪತ್ರೆಗೆ ಬಂದಿದ್ದ ಮೂರ್ನಾಲ್ಕು ಹೆಣ್ಣುಮಕ್ಕಳು ಕಾಂಪೌಂಡಿನ ಹೊರಗಿನ ಗೇಣುದ್ದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು.

"ಒಳಗ ಕೂಡಬಾರದೇನವ್ವ?" ಅಂದೆ.

"ಮುಂಜಾನಿ ವಾಕಿಂಗಿನವ್ರಿಗೆ ತಗೀತಾರಂತಪ್ಪ, ಮತ್ತ ಸಂಜಿಗೆ. ಮೊದ್ಲು ಇಲ್ಲಿ ಬೇವಿನ ಗಿಡ ಇದ್ದುವು. ಗೇಟೂ ಇದ್ದಿದ್ದಿಲ್ಲ" ಅಂದಳು ದೊಡ್ಡಾಕಿ.

ನಲವತ್ತು ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಇಲ್ಲಿ ಉದ್ಯಾನದ ಮೊದಲ ಕೆಲಸ ನೆರಳು ಕೊಡೋದು. ಆ ನೆರಳು ಬೇಕಾಗೋದೇ ಮಧ್ಯಾಹ್ನ. ಹಾಗಾದರೆ ಗಿಡ ತೆಗೆದು, ಮಧ್ಯಾಹ್ನ ಬೀಗ ಹಾಕೋದನ್ನ ಯಾರು ತೀರ್ಮಾನಿಸಿದರು? ಯಾರನ್ನ ಕೇಳಿ?

ಉದ್ಯಾನ ಉಳಿಸೋ ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. ಗಟ್ಟಿಯಾಗೇ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಅಂತ ಬಿಟ್ಟಿದ್ದ ಜಾಗವನ್ನ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ಜನ ಕೋರ್ಟಿಗೆ ಹೋದರು. ಕೇಳೋಕೆ ನೀವ್ಯಾರು ಅನ್ನೋ ತಕರಾರು ಅಲ್ಲಿಯೂ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ತಕರಾರನ್ನ ಒಪ್ಪಲಿಲ್ಲ. ಅಲ್ಲಿ ವಾಸ ಮಾಡುವವರಿಗೆ ಕೇಳುವ ಹಕ್ಕಿದೆ ಅಂದಿತು, ಜಾಗ ಉದ್ಯಾನಕ್ಕೇ ಉಳಿಯಿತು. ಮುದ್ದಪ್ಪ ಕೇಸು ಅಂತ ಇವತ್ತಿಗೂ ಕಾನೂನು ಓದುವವರು ಓದ್ತಾರೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯೂ ಇದೆ: ಅವುಗಳ ಪಟ್ಟಿ ಇಡಬೇಕು, ಬೇರೆ ಉದ್ದೇಶಕ್ಕೆ ಬಳಸಬಾರದು.

ಆದರೆ ಇವೆಲ್ಲ ಉದ್ಯಾನವನ್ನ ಕಟ್ಟಡದಿಂದ ಕಾಪಾಡ್ತವೆ, ಸುಧಾರಣೆಯಿಂದ ಕಾಪಾಡೋದಿಲ್ಲ. ನಾನು ನೋಡಿದ ಆ ಜಾಗವನ್ನ ಯಾರೂ ಮಾರಿಲ್ಲ, ಯಾರೂ ಒತ್ತುವರಿ ಮಾಡಿಲ್ಲ. ಕಾಗದದ ಮೇಲೆ ಅದು ಇನ್ನೂ ಉದ್ಯಾನವೇ. ಬೇವಿನ ಗಿಡಗಳ ವಿಷಯವೂ ಹಾಗೇ. ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಸರಿ. ಆದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕಾದದ್ದು 50ಕ್ಕಿಂತ ಹೆಚ್ಚು ಮರ ಕಡಿಯುವಾಗ. ಸಣ್ಣ ಊರಿನ ಸಣ್ಣ ಉದ್ಯಾನದಲ್ಲಿ 50 ಮರ ಎಲ್ಲಿಂದ ತರೋದು? ಹತ್ತು ಗಿಡ ಇದ್ದಲ್ಲಿ ಹತ್ತೂ ಹೋದರೆ ನೆರಳು ಪೂರ್ತಿ ಹೋದ ಹಾಗೆ. ಕಾನೂನಿನ ಲೆಕ್ಕಕ್ಕೆ ಮಾತ್ರ ಅದು ಹತ್ತೇ.

ಇನ್ನು ಜನರನ್ನ ಕೇಳೋ ಮಾತು. ನಾನು ಹಳ್ಳಿಯಲ್ಲಿ ಬೆಳೆದವನು. ಅಲ್ಲಿ ಗ್ರಾಮಸಭೆ ಅನ್ನೋದೊಂದಿದೆ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಲೇಬೇಕು. ಎಷ್ಟೋ ಸಲ ಸಭೆ ನಡೆಯೋದು ಸಹಿ ಪುಸ್ತಕದಾಗ ಮಾತ್ರ, ಅದೂ ಗೊತ್ತು. ಆದರೂ "ಚರಂಡಿ ರೊಕ್ಕ ಎಲ್ಲಿ ಹೋತು?" ಅಂತ ಎದ್ದು ನಿಂತು ಕೇಳೋಕೆ ಒಂದು ಜಾಗ ಅದು. ಅದೇ ಮನುಷ್ಯ ಮಕ್ಕಳ ಓದಿಗೆ ಅಂತ ದೇವದುರ್ಗಕ್ಕೋ ಮಾನ್ವಿಗೋ ಬಂದು ಮನೆ ಮಾಡಿದ ಅಂದ್ಕೊಳ್ಳಿ. ಅಲ್ಲಿರೋದು ಪುರಸಭೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ರಾಯಚೂರು ನಗರವೇ ಸುಮಾರು 2.34 ಲಕ್ಷ. ದೇವದುರ್ಗ, ಮಾನ್ವಿ ಆ ಲೆಕ್ಕದ ಹತ್ತಿರಕ್ಕೂ ಬರೋದಿಲ್ಲ. ಅಂದರೆ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವನು ಹೊಲದ ಜೊತೆಗೆ ಕೇಳೋ ಜಾಗವನ್ನೂ ಬಿಟ್ಟು ಬರ್ತಾನೆ. ರಾಯಚೂರು ಈಗ ಮಹಾನಗರ ಪಾಲಿಕೆ ಆಗಿದೆ, ಸಂತೋಷ. ಬೋರ್ಡಿನ ಜೊತೆಗೆ ಈ ಕೇಳೋ ಪದ್ಧತಿಯೂ ದೊಡ್ಡದಾಗಬೇಕು.

ಆ ಕಡೆಯವರ ಮಾತಿನಲ್ಲೂ ಸತ್ಯ ಇದೆ. "ಎಲ್ಲಾರನ್ನೂ ಕೇಳಕೋಂತ ಕುಂತ್ರ ಮಾರ್ಚ್ ಬರ್ತದ, ರೊಕ್ಕ ವಾಪಸ್ ಹೋಗ್ತದ" ಅಂತ ಒಬ್ಬ ಗೆಳೆಯ ಎಂಜಿನಿಯರ್ ನನಗೇ ಹೇಳಿದ. ಉದ್ಯಾನಕ್ಕೆ ಬರೋ ರೊಕ್ಕವೂ ಕಡಿಮೆ. 2015ರಲ್ಲಿ ಶುರುವಾದ ಅಮೃತ್ ಯೋಜನೆಯಲ್ಲಿ ರಾಯಚೂರೂ ಇತ್ತು. ಅದರಲ್ಲಿ ಉದ್ಯಾನಗಳಿಗೆ ಇಟ್ಟಿದ್ದು ಯೋಜನಾ ವೆಚ್ಚದ ಹೆಚ್ಚೆಂದರೆ ಶೇ. 2.5. ನೀರಿನ ಪೈಪು, ಒಳಚರಂಡಿ ಮುಗಿದ ಮೇಲೆ ಉಳಿದದ್ದು ಇದು. ಹಾಗಾಗಿ ಹಳೇ ಎಸ್ಟಿಮೇಟಿನಲ್ಲಿ ಊರಿನ ಹೆಸರಷ್ಟೇ ಬದಲಾಯಿಸೋದು ಸುಲಭ. ಸಾಫ್ಟ್‌ವೇರಿನಲ್ಲಿ ನಾವೂ ಇದನ್ನೇ ಮಾಡ್ತೀವಿ, ಕಾಪಿ ಪೇಸ್ಟ್. ವ್ಯತ್ಯಾಸ ಇಷ್ಟೇ: ನಮ್ಮದು ಸರಿಯಿಲ್ಲ ಅಂದ್ರೆ ಮರುದಿನ ತಿದ್ದಬಹುದು, ಕಡಿದ ಬೇವು ಮತ್ತೆ ನೆರಳು ಕೊಡೋಕೆ ಹತ್ತಾರು ವರ್ಷ ಬೇಕು.

ವಾಕಿಂಗ್ ಮಾಡೋರ ಮೇಲೆ ನನಗೆ ಸಿಟ್ಟಿಲ್ಲ. ಕುಡುಕರು ಬರ್ತಾರೆ, ದನ ನುಗ್ತಾವೆ ಅನ್ನೋ ಅವರ ಭಯ ಖರೇನೆ. ಅದಕ್ಕೆ ಬೇಕಾದದ್ದು ಒಬ್ಬ ಕಾವಲುಗಾರ. ಬೀಗ ಹಾಕೋದು ಅಗ್ಗದ ದಾರಿ, ಅಷ್ಟೇ. ಬೆಂಗಳೂರಿನಂಥ ಊರೇ 2024ರಲ್ಲಿ ಉದ್ಯಾನಗಳನ್ನ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡೋಕೆ ತೀರ್ಮಾನಿಸಿತು. ಅಲ್ಲಿಗಿಂತ ನಮಗೆ ಬಿಸಿಲು ಹೆಚ್ಚು.

ದೊಡ್ಡ ಕಾನೂನು ಬರೋವರೆಗೆ ಕಾಯೋದೂ ಬೇಡ. ಟೆಂಡರಿಗೆ ಮೊದಲು, ಹದಿನೈದು ದಿನ, ಉದ್ಯಾನದ ಗೇಟಿನ ಮೇಲೆ ಒಂದು ನಕ್ಷೆ ಅಂಟಿಸಲಿ, ಕನ್ನಡದಲ್ಲಿ. ಯಾವ ಗಿಡ ಉಳೀತದೆ, ಯಾವುದು ಹೋಗ್ತದೆ, ಎಷ್ಟು ಹೊತ್ತು ತೆರೆದಿರ್ತದೆ, ನೀರು ಹಾಕೋರು ಯಾರು, ಇಷ್ಟು ಬರೆದರೆ ಸಾಕು. ಹದಿನಾರನೇ ದಿನ ಸಂಜೆ ಅದೇ ಗಿಡದ ಕೆಳಗೆ ಒಂದು ತಾಸು ಕೂತು ಮಾತು ಕೇಳಲಿ. ಓದೋಕೆ ಬಾರದವರು ಬಾಯಿಂದ ಹೇಳ್ತಾರೆ. ಕಪ್ಪು ಕಲ್ಲಿಗೆ ಆಗೋ ಖರ್ಚಿಗಿಂತ ಇದರ ಖರ್ಚು ಕಡಿಮೆ.

ಆ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಎದ್ದಾಗ ನೆರಳು ಗೋಡೆಯೊಳಗೆ ಸರಿದಿತ್ತು. ಬೀಗ ಹಾಗೇ ಇತ್ತು.