ಜೋಳದ ಪಾಳಿಯೂ ಕರ್ಣನ ಮುನಿಸೂ

ಪಂಪಭಾರತದ (ಕ್ರಿ. ಶ. 941) ಕರ್ಣನ ನಿಷ್ಠೆಯನ್ನು ಬರಿಯ ಸ್ವಾಮಿಭಕ್ತಿಯೆಂದು ವರ್ಣಿಸುವುದು ನಮಗೆ ಸಮ್ಮತವಲ್ಲ. ಉಂಡ ಜೋಳದ ಋಣವನ್ನು ಪ್ರಾಣವಿತ್ತಾದರೂ ತೀರಿಸುವ ಭಟನ ಕಟ್ಟಳೆಗೆ ಜೋಳದ ಪಾಳಿಯೆಂದು ಹೆಸರು. ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಬಿಳಿಜೋಳ ಬೆಳೆದುಣ್ಣುವವರು ಈ ಮಾತಿನ ಭಾರವನ್ನು ನಿಘಂಟಿನಿಂದ ತಿಳಿಯಬೇಕಾಗಿಲ್ಲ. ಆದರೆ ಋಣವು ಉಭಯಪಕ್ಷದ್ದು. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದಾಗಲೂ ಕೌರವನನ್ನು ಬಿಡದ ಕರ್ಣನೇ, ಭೀಷ್ಮನಿಗೆ ಸೇನಾಪತಿಪಟ್ಟವಾಗುವಾಗ ಆಕ್ಷೇಪಿಸುತ್ತಾನೆ. ದ್ರೋಣನು ಕುಲವನ್ನೆತ್ತಿ ಹಳಿಯುತ್ತಾನೆ. ಅಂಗರಾಜ್ಯವನ್ನಿತ್ತ ಒಡೆಯನು ಆ ಸಭೆಯಲ್ಲಿ ಭಟನ ಮಾನವನ್ನು ಕಾಯಲಾರದೆ ಹೋದನು. 1856ರಲ್ಲಿ, ಬಂಗಾಳದ ಸೈನ್ಯಕ್ಕೆ ಹೊಸದಾಗಿ ಸೇರುವವರು ಕಡಲಾಚೆಗೂ ಹೋಗತಕ್ಕದ್ದೆಂದು ಕುಂಪಣಿಯ ಸರ್ಕಾರವು ವಿಧಿಸಿದಾಗ ಸಿಪಾಯಿಗಳಲ್ಲಿ ಹುಟ್ಟಿದ ಅಸಮಾಧಾನವೂ ಈ ಜಾತಿಯದೇ: ಸಂಬಳವಿತ್ತು, ಆಚಾರಕ್ಕೆ ಅಭಯವಿರಲಿಲ್ಲ. ಕರ್ಣನು ಪಕ್ಷಾಂತರ ಮಾಡಲಿಲ್ಲ, ಭೀಷ್ಮನು ಬೀಳುವ ತನಕ ಶಸ್ತ್ರವನ್ನು ಮಾತ್ರ ತೊರೆದನು. ಬಳಿಕ ಶರಶಯ್ಯೆಯ ಬಳಿಗೆ ತಾನಾಗಿಯೇ ಹೋಗಿ ಕ್ಷಮೆಯನ್ನು ಬೇಡಿದನು.