ಟ್ರಂಕಿನೊಳಗಿನ ಕಾರ್ಡು

ನಿಜಾಮರ ಹಾಲಿ ಸಿಕ್ಕವೂ ಬ್ರಿಟಿಷರ ಕಲ್ದಾರವೂ ರಾಯಚೂರಿನ ಪೇಟೆಯಲ್ಲಿ ಒಟ್ಟೊಟ್ಟಿಗೆ ಚಲಾವಣೆಯಲ್ಲಿದ್ದ ಕಾಲದಲ್ಲಿ, ಆರು ಕಲ್ದಾರಕ್ಕೆ ಏಳು ಸಿಕ್ಕವೆಂಬ ಲೆಕ್ಕವನ್ನರಿಯದವನು ವಟ್ಟದ, ಎಂದರೆ ನಾಣ್ಯವಿನಿಮಯದ ಕಡಿತದ, ಹೆಸರಿನಲ್ಲಿ ಹಣ ಕಳೆದುಕೊಳ್ಳುವುದು ಸುಲಭವಾಗಿತ್ತು. ಇಂದು ಅದೇ ಪೇಟೆಗೆ ಬಂದಿರುವ ಡೆಬಿಟ್ ಕಾರ್ಡನ್ನು ಜನರು 'ಎಟಿಎಂ' ಎಂದೇ ಕರೆಯುತ್ತಾರೆ. ನಗದು ತೆಗೆಯುವ ಕೀಲಿಕೈಯೆಂದು ಇದನ್ನು ಬಲ್ಲವರೇ ಬಹಳ, ಪಾವತಿಯ ಸಾಧನವೆಂದು ಬಲ್ಲವರು ವಿರಳ.

ಇದರ ರಚನೆಯಾದರೋ ಪ್ರಶಂಸಾರ್ಹವಾದುದು. ಬಟ್ಟೆಯಂಗಡಿಯ ಯಂತ್ರಕ್ಕೆ ಕಾರ್ಡನ್ನು ತೂರಿಸಿ ನಾಲ್ಕಂಕಿಯ ಪಿನ್ ಒತ್ತಿದೊಡನೆ, ಕೋರಿಕೆಯು ವರ್ತಕನ ಬ್ಯಾಂಕಿಗೂ, ಅಲ್ಲಿಂದ ರುಪೇಯಂತಹ ಜಾಲಕ್ಕೂ, ಜಾಲದಿಂದ ನಮ್ಮ ಬ್ಯಾಂಕಿಗೂ ಸಾಗಿ, ಖಾತೆಯಲ್ಲಿ ಶಿಲ್ಕು ಇರುವುದನ್ನು ಕಂಡು, ಅಂಗಡಿಯವನು ಚೀಲದ ಬಾಯಿ ಕಟ್ಟುವಷ್ಟರಲ್ಲಿ ಒಪ್ಪಿಗೆಯೊಡನೆ ಹಿಂದಿರುಗುತ್ತದೆ. ಸಾಲವಿಲ್ಲ, ಬಡ್ಡಿಯಿಲ್ಲ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿನ ಪಾವತಿಗೆ ವರ್ತಕನು ತೆರುವ ಶುಲ್ಕವೂ ರದ್ದಾಗಿರುವುದರಿಂದ, 'ಕಾರ್ಡಾದರೆ ನೂರಕ್ಕೆ ಎರಡು ಹೆಚ್ಚು' ಎನ್ನುವ ಅಂಗಡಿಗೆ ಈ ಕಾರ್ಡಿನ ಮುಂದೆ ನೆಪವಿಲ್ಲ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದವರು ದುಡಿಮೆಯ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಬರುವ ಭಯವನ್ನು ಈ ಅಂಗೈಯಗಲದ ವಸ್ತು ನಿವಾರಿಸಬಲ್ಲುದು. ಇದೇನು ಅಲ್ಪವಾದ ಉಪಕಾರವಲ್ಲ.

ದೋಷವಿರುವುದು ಕಾರ್ಡಿನಲ್ಲಲ್ಲ, ಅದನ್ನು ಕೈಗಿತ್ತ ರೀತಿಯಲ್ಲಿ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಕಾರ್ಡಿನೊಡನೆ ಅಪಘಾತ ವಿಮೆಯೂ ಇದೆ. 2018ರ ಆಗಸ್ಟ್ 28ರ ಬಳಿಕ ತೆರೆದ ಖಾತೆಗಳಿಗೆ ಅದು 2 ಲಕ್ಷ ರೂಪಾಯಿ. ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡನ್ನು ಬಳಸಿರಬೇಕೆಂಬುದು ನಿಬಂಧನೆಯಾದುದರಿಂದ, ಕಳೆದುಹೋದೀತೆಂದು ಸೀರೆಯ ಮಡಿಕೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ ಗೃಹಿಣಿಯ ಜಾಗರೂಕತೆಯೇ ಆಕೆಯ ಕುಟುಂಬಕ್ಕೆ ಮುಳುವಾಗುತ್ತದೆ. ಇನ್ನೊಬ್ಬ ವೃದ್ಧೆ ಪಿನ್ನನ್ನು ಕಾರ್ಡಿನ ಹೊದಿಕೆಯ ಮೇಲೆಯೇ ಬರೆಸಿಕೊಂಡು, ಸಾಲಿನಲ್ಲಿ ನಿಂತ ಅಪರಿಚಿತನಿಗೆ "ಯಪ್ಪಾ, ಎರಡು ಸಾವಿರ ತೆಗದು ಕೊಡು" ಎನ್ನುತ್ತಾಳೆ. ಹಾಗೆ ಪಿನ್ ಹೇಳಿ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಆಕೆಯದೇ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ನಿಯಮ. ಓದುಬರಹ ಬಾರದವಳಿಗೆ ಗುಪ್ತಸಂಖ್ಯೆಯನ್ನು ಕೊಟ್ಟು, ಗುಟ್ಟು ಕಾಯುವ ಬಗೆಯನ್ನು ಕಲಿಸದೆ ಹೋದವರ ಹೊಣೆಯ ಮಾತು ಅಲ್ಲಿಲ್ಲ.

ಓದುಬರಹ ಬಲ್ಲವರೇನು ಮೇಲೆಂದಲ್ಲ. ಮಾನ್ವಿಯ ಒಂದು ಎಟಿಎಂನಲ್ಲಿ ನೋಟು ಹೊರಬಾರದೆ ಖಾತೆಯಿಂದ ಮಾತ್ರ ಹಣ ಕಳೆದುಹೋಗಿ, ಹನ್ನೊಂದು ದಿನಗಳ ಬಳಿಕ ಅದು ಮರಳಿದಾಗ ನಾನು ದೇವರಿಗೆ ಕೈಮುಗಿದೆನು. ಐದು ದಿನಗಳು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಬ್ಯಾಂಕೇ ತಾನಾಗಿ ಕೊಡತಕ್ಕದ್ದೆಂಬ 2019ರ ನಿಯಮವನ್ನು ತಿಳಿದದ್ದು ಅನಂತರ. ಆರುನೂರು ರೂಪಾಯಿಯನ್ನು ನನ್ನ ಅಜ್ಞಾನಕ್ಕೆ ವಟ್ಟವಾಗಿ ತೆತ್ತಿದ್ದೆನು.

ನಿಮ್ಮ ಮನೆಯ ಟ್ರಂಕಿನಲ್ಲಿಯೂ ಅಂತಹ ಕಾರ್ಡೊಂದಿದ್ದರೆ, ಈ ವಾರವೇ ಹೊರತೆಗೆದು ಒಮ್ಮೆ ಬಳಸಿರಿ. ಪಿನ್ನನ್ನು ಮಾತ್ರ ಹೊದಿಕೆಯ ಮೇಲಿಂದ ಅಳಿಸಿಬಿಡಿರಿ.